ಮರುಪರೀಕ್ಷೆ ಭಿಕ್ಷೆಯಲ್ಲ

ಕೋವಿಡ್, ನೆರೆಯಂಥ ಕಾರಣಕ್ಕೆ ಪಾಠ ನಿಂತುಹೋದ ವರ್ಷದ ವಿದ್ಯಾರ್ಥಿಗೆ ವಿಶೇಷ ಮರುಪರೀಕ್ಷೆ ಕೊಡಬೇಕು, ಅದನ್ನು ಮೊದಲ ಯತ್ನವೆಂದೇ ಎಣಿಸಬೇಕು, ಈ ನಿಯಮ ಕಾಯಂ ಇರಬೇಕು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಮಕ್ಕಳ ಪರವಾಗಿ ಇಷ್ಟು ಹೇಳಿದರೆ ಸಾಕು, ಆಕ್ಷೇಪಗಳು ಸಾಲುಗಟ್ಟುತ್ತವೆ.

‘ಪದವಿಯ ಬೆಲೆ ಹೋಗುತ್ತದೆ’ ಎನ್ನುವವರು ಪರೀಕ್ಷೆ ರದ್ದು ಮಾಡುವುದನ್ನೂ ಮತ್ತೆ ಬರೆಸುವುದನ್ನೂ ಒಂದೇ ಗಂಟು ಕಟ್ಟುತ್ತಾರೆ. ಕೋವಿಡ್ ಕಾರಣಕ್ಕೆ 2020ರ ಜೂನ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಅಂತಿಮ ವರ್ಷದ ಪರೀಕ್ಷೆ ಬೇಡವೆಂದಿತು. ಜುಲೈ 6ರಂದು ಯುಜಿಸಿ ಬೇಕೇ ಬೇಕೆಂದಿತು. ಪರೀಕ್ಷೆಯಿಲ್ಲದೆ ತೇರ್ಗಡೆ ಇಲ್ಲ, ಬೇಕಾದರೆ ಮುಂದೂಡಲು ಯುಜಿಸಿಯನ್ನು ಕೇಳಿಕೊಳ್ಳಿ ಎಂದು ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಹೇಳಿತು. ತೀರ್ಪಿಗೆ ನನ್ನ ತಕರಾರಿಲ್ಲ. ಆದರೆ ಯಾವುದೇ ಕಾರಣಕ್ಕೆ ಪರೀಕ್ಷೆ ಬರೆಯಲಾಗದವರಿಗೆ ವಿಶೇಷ ಪರೀಕ್ಷೆಯ ಅವಕಾಶ ಕೊಡಬಹುದೆಂಬ ಮಾತೂ ಅದೇ ಯುಜಿಸಿ ಮಾರ್ಗಸೂಚಿಯಲ್ಲಿತ್ತು. ಪದವಿಯ ಮಾನ ಕಾಯುವವರು ಆ ಪುಟಕ್ಕೆ ಬರುವ ಮೊದಲೇ ಓದು ನಿಲ್ಲಿಸಿದಂತಿದೆ.

‘ಎಲ್ಲರಿಗೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ. ಇದಕ್ಕಿಂತ ನ್ಯಾಯ ಬೇಕೆ?’ ಪರೀಕ್ಷೆ ನಡೆಸುವ ಶಿವಾಜಿ ವಿಶ್ವವಿದ್ಯಾಲಯವಿರುವ ಕೊಲ್ಹಾಪುರದಲ್ಲಿ ಕೂತು ನೋಡಿದರೆ ಇದು ಸರಿಯೆನಿಸೀತು. ಜತ್ತ ತಾಲ್ಲೂಕಿನ ಉಮದಿ, ಸಂಖ ಕಡೆಯ ಮಕ್ಕಳು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತು, ಕಾಲೇಜಿಗೆ ಬಂದಾಗ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದಬೇಕಾಗುತ್ತದೆ. ತಿಳಿಯದ್ದನ್ನು ಪಕ್ಕದ ಬೆಂಚಿನವರ ಹತ್ತಿರ, ಸರ್ ಹತ್ತಿರ ಕೇಳಿ ಕನ್ನಡದಲ್ಲಿ ಬಿಡಿಸಿಕೊಳ್ಳುವುದು ತರಗತಿಯಲ್ಲೇ. ಅದು ಮುಚ್ಚಿದಾಗ ಇವರು ಕಳೆದುಕೊಂಡದ್ದು ಮರಾಠಿ ಮನೆಮಾತಿನವರು ಕಳೆದುಕೊಂಡದ್ದಕ್ಕಿಂತ ಹೆಚ್ಚು. ಮೊಬೈಲಿಗೆ ಬಂದ ಪಿಡಿಎಫ್ ಅದನ್ನು ತುಂಬಿಕೊಡಲಿಲ್ಲ. ಗಡಿ ದಾಟಿ ವಿಜಯಪುರದಲ್ಲಿ ಓದುವವರ ಪಾಡು ಇನ್ನೊಂದು. 2020ರ ಮೇ ತಿಂಗಳಲ್ಲಿ ಕರ್ನಾಟಕ ಮಹಾರಾಷ್ಟ್ರದವರ ಪ್ರವೇಶವನ್ನೇ ತಡೆಯಿತು, 2021ರಲ್ಲಿ ಆರ್‌ಟಿಪಿಸಿಆರ್ ವರದಿ ತನ್ನಿ ಎಂದಿತು. ಪ್ರಶ್ನೆಪತ್ರಿಕೆ ಒಂದೇ ಇರಬಹುದು, ಪರೀಕ್ಷಾ ಕೊಠಡಿಯ ದಾರಿ ಒಂದೇ ಇರಲಿಲ್ಲ.

‘ಕೋವಿಡ್ ಮುಗಿಯಿತಲ್ಲ, ಇನ್ನೇಕೆ ಕಾಯಂ ನಿಯಮ?’ 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಸಾಂಗಲಿ ಊರೊಳಗೆ ನುಗ್ಗಿದಾಗ ಕೋವಿಡ್ ಇರಲಿಲ್ಲ. 2021ರ ಜುಲೈನಲ್ಲಿ ನೆರೆ ಮತ್ತೆ ಬಂತು. ಜತ್ತದಲ್ಲಿ ಕುಡಿಯುವ ನೀರಿಗೆ ಪರದಾಟ, ಅಲ್ಲಿಯ ಹುಡುಗ ಓದಲು ಹೋದ ಜಿಲ್ಲಾ ಕೇಂದ್ರದಲ್ಲಿ ಪ್ರವಾಹ. ವಿಚಿತ್ರವೆನಿಸಿದರೂ ನಮ್ಮ ಜಿಲ್ಲೆ ಇರುವುದೇ ಹಾಗೆ. ಪ್ರತಿಸಲವೂ ಸುತ್ತೋಲೆಗೆ ಕಾಯುತ್ತ ಕೂರಬೇಕೆ?

ಸುಳ್ಳು ಪ್ರಮಾಣಪತ್ರ ತರುವವರು ಇದ್ದೇ ಇರುತ್ತಾರೆ. ಅದಕ್ಕಾಗಿಯೇ ಒಬ್ಬೊಬ್ಬರ ಕೈಯಿಂದ ಕಾಗದ ಕೇಳಬೇಡಿ. ಜಿಲ್ಲಾಡಳಿತ ಕಾಲೇಜು ಮುಚ್ಚಿಸಿದ ಅಥವಾ ರಸ್ತೆ ತಡೆದ ಆದೇಶವನ್ನೇ ಆಧಾರವಾಗಿಟ್ಟು ಇಡೀ ಊರಿಗೆ ಅವಕಾಶ ಕೊಡಿ.

ಪ್ರಾಮಾಣಿಕ ಆಕ್ಷೇಪ ಒಂದೇ: ಅಧ್ಯಾಪಕರ ಮೇಲಿನ ಹೊರೆ. ಅದು ನಿಜ, ಮೌಲ್ಯಮಾಪನಕ್ಕೆ ಕೂತವರಿಗೆ ಗೊತ್ತು. ಆದರೆ ಎಟಿಕೆಟಿಯವರಿಗಾಗಿ, ಅಂದರೆ ಕೆಲ ವಿಷಯ ಬಾಕಿ ಇಟ್ಟುಕೊಂಡು ಮುಂದಿನ ತರಗತಿಗೆ ಹೋದವರಿಗಾಗಿ, ಹೇಗೂ ಪ್ರಶ್ನೆಪತ್ರಿಕೆ ತಯಾರಾಗುತ್ತದೆ; ಇವರೂ ಅದನ್ನೇ ಬರೆಯಲಿ. ಅಂಕಪಟ್ಟಿಯಲ್ಲಿ ಮಾತ್ರ ಎಟಿಕೆಟಿಯ ಗುರುತು ಬೀಳಬಾರದು. ಫಲಿತಾಂಶವೂ ಎಂಎ, ಬಿಎಡ್ ಪ್ರವೇಶ ಮುಗಿಯುವ ಮೊದಲೇ ಬರಬೇಕು. ತಡವಾಗಿ ಬಂದರೆ ಪಾಸಾದವನೂ ವರ್ಷವಿಡೀ ಮನೆಯಲ್ಲೇ ಕೂರುತ್ತಾನೆ.