ಶ್ರುತಿಯನ್ನು ಗುತ್ತಿಗೆಗೆ ಕೊಟ್ಟವರಿಗೆ

ಹೊರನಾಡಿನ ನಮ್ಮ ಕನ್ನಡ ಸಂಘಗಳ ವೇದಿಕೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಸುಳ್ಳು ನಿರಾತಂಕವಾಗಿ ನಡೆದುಕೊಂಡು ಬಂದಿದೆ. ದಾಸವಾಣಿಯ ಕಾರ್ಯಕ್ರಮವಿರಲಿ, ರಾಜ್ಯೋತ್ಸವದ ಸಂಜೆಯಿರಲಿ, ಗಾಯಕರ ಹಿಂಬದಿಯಲ್ಲಿ ಎರಡು ತಂಬೂರಿಗಳು ನಿಂತಿರುತ್ತವೆ. ರೇಷ್ಮೆ ಲಂಗ ತೊಟ್ಟ ಇಬ್ಬರು ಹುಡುಗಿಯರು ಅವುಗಳ ತಂತಿಗಳ ಮೇಲೆ ಬೆರಳಾಡಿಸುತ್ತಿರುತ್ತಾರೆ. ಛಾಯಾಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ ಆ ತಂಬೂರಿಗಳ ಮುಂದೆ ಮೈಕು ಇರುವುದಿಲ್ಲ. ಅವು ಶ್ರುತಿಗೂಡಿಯೂ ಇರುವುದಿಲ್ಲ. ಸಭೆಗೆ ಕೇಳಿಸುವ ನಾದ ಹಾರ್ಮೋನಿಯಮ್ಮಿನ ಮರೆಯಲ್ಲಿಟ್ಟ ಮೊಬೈಲಿನದು. ಪುರಂದರದಾಸರ ಚಿತ್ರಪಟಕ್ಕೆ ಹಾರ ಹಾಕಿ, ಆ ಚಿತ್ರದಲ್ಲಿ ದಾಸರ ಕೈಯಲ್ಲಿರುವ ವಾದ್ಯವನ್ನೇ ಮೂಕಗೊಳಿಸಿ ಕೂರಿಸುವ ಈ ಪದ್ಧತಿಯನ್ನು ನಾವು ಸಂಸ್ಕೃತಿಯ ರಕ್ಷಣೆ ಎಂದು ಕರೆಯುತ್ತಿದ್ದೇವೆ.

ನನ್ನ ವಾದ ಇಷ್ಟೇ: ತಂಬೂರಿಯನ್ನು ಶ್ರುತಿ ಮಾಡಲು ಬಾರದವನಿಗೆ ಸಂಗೀತ ಬರುತ್ತದೆ ಎಂದು ಪ್ರಮಾಣಪತ್ರ ಕೊಡುವುದನ್ನು ನಾವು ನಿಲ್ಲಿಸಬೇಕು. ಶ್ರುತಿ ಮಾಡುವುದು ಸಂಗೀತಕ್ಕೆ ಮುಂಚಿನ ಸಿದ್ಧತೆಯೆಂದು, ಹಾಡುವ ಮುನ್ನ ಮೈಕು ಪರೀಕ್ಷಿಸಿದಂತೆ ಯಾರೋ ಮಾಡಿಕೊಡಬಹುದಾದ ಕೆಲಸವೆಂದು ತಿಳಿಯುವುದರಲ್ಲೇ ತಪ್ಪಿದೆ. ಅದು ಮೊದಲ ಪಾಠ. ಬಹುಶಃ ಕೊನೆಯ ಪಾಠವೂ ಅದೇ.

ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ, 1970ರ ದಶಕದ ಕೊನೆಗೆ. ಅದನ್ನು ರೂಪಿಸಿದ ಜಿ. ರಾಜನಾರಾಯಣ್ ಸ್ವತಃ ಕೊಳಲುವಾದಕರು. ಒಬ್ಬಂಟಿಯಾಗಿ ಅಭ್ಯಾಸ ಮಾಡುವವನಿಗೆ, ಪ್ರವಾಸದಲ್ಲಿರುವ ಕಲಾವಿದನಿಗೆ, ತಂಬೂರಿ ಹಿಡಿಯಲಾಗದ ವಾದ್ಯಗಾರನಿಗೆ ಆ ಪೆಟ್ಟಿಗೆ ಮಾಡಿದ ಉಪಕಾರ ದೊಡ್ಡದು. ನಿಷೇಧದ ಮಾತನ್ನೂ ನಾನು ಆಡುತ್ತಿಲ್ಲ. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ಹೊರಗಟ್ಟಿತು. ಮೂರು ದಶಕಗಳ ನಂತರ ಬಾಗಿಲು ತೆರೆಯಲೇಬೇಕಾಯಿತು. ಅಷ್ಟರಲ್ಲಿ ಹಾರ್ಮೋನಿಯಮ್ ಮನೆಮನೆಯನ್ನೂ ಸೇರಿಯಾಗಿತ್ತು. ಸುತ್ತೋಲೆಗಳಿಂದ ಕಿವಿಗಳು ತಿದ್ದುವುದಿಲ್ಲ ಎಂಬುದು ಸರಕಾರಿ ನೌಕರನಾದ ನನಗೆ ಇತರರಿಗಿಂತ ಚೆನ್ನಾಗಿ ಗೊತ್ತು. ನನ್ನ ಜಗಳವಿರುವುದು ಕಲಿಯುವವನ ಕಿವಿಯ ಕೆಲಸವನ್ನು ಯಂತ್ರಕ್ಕೆ ಗುತ್ತಿಗೆ ಕೊಟ್ಟು, ಆ ಕಿವಿಯನ್ನು ನಿರುದ್ಯೋಗಿಯಾಗಿಸಿದ ನಮ್ಮ ಕಲಿಕೆಯ ಕ್ರಮದೊಂದಿಗೆ.

ಶ್ರುತಿ ಮಾಡುವಾಗ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಸಾಮಾನ್ಯ ತಂಬೂರಿಗೆ ನಾಲ್ಕು ತಂತಿಗಳು. ಮೊದಲನೆಯದು ಪಂಚಮ, ನಡುವಿನ ಎರಡು ಷಡ್ಜದ ಜೋಡಿ, ಕೊನೆಯದು ಮಂದ್ರ ಷಡ್ಜ. ಈ ಕೊನೆಯದು ಹಿತ್ತಾಳೆಯಂಥ ಲೋಹದ ದಪ್ಪ ತಂತಿ. ಕಲಿಯುವವನು ನಡುವಿನ ಒಂದು ತಂತಿಯನ್ನು ಬೇಕಾದ ಮಟ್ಟಕ್ಕೆ ತಂದುಕೊಂಡು, ಅದರ ಜೋಡಿಯನ್ನು ಅದಕ್ಕೆ ಸೇರಿಸಬೇಕು. ಒಂದು ತಂತಿ ಸೆಕೆಂಡಿಗೆ 240 ಸಲ, ಮತ್ತೊಂದು 242 ಸಲ ಕಂಪಿಸುತ್ತಿದ್ದರೆ ಎರಡೂ ಕೂಡಿದ ನಾದ ಸೆಕೆಂಡಿಗೆ ಎರಡು ಬಾರಿ ಉಬ್ಬಿ ಇಳಿಯುತ್ತದೆ. ಬಿರಡೆಯನ್ನು ತಿರುಗಿಸುತ್ತ ಹೋದಂತೆ ಆ ಉಬ್ಬಿಳಿತ ನಿಧಾನವಾಗುತ್ತದೆ. ಬಿರಡೆಗೆ ಸಿಗದ ಕೂದಲೆಳೆಯಷ್ಟು ಅಂತರವನ್ನು ಕುದುರೆಯ ಕೆಳಗಿರುವ ಮಣಿ ಸರಿಸಿ ತುಂಬಬೇಕು. ಒಂದು ಗಳಿಗೆಯಲ್ಲಿ ಅಲೆಯಾಟ ನಿಂತು ಎರಡು ತಂತಿಗಳು ಒಂದೇ ಆಗುತ್ತವೆ. ಆ ನಿಲುಗಡೆಯನ್ನು ತನ್ನ ಕೈಯಾರೆ ತಂದವನಿಗೆ ಶ್ರುತಿ ಎಂದರೇನೆಂದು ಯಾರೂ ಉಪನ್ಯಾಸ ಕೊಡಬೇಕಾಗಿಲ್ಲ.

ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಅಗಲವಾದ ಕುದುರೆಯ ಇಳಿಜಾರು ಮೈಗೂ ತಂತಿಗೂ ನಡುವೆ ಒಂದು ನೂಲೆಳೆಯಿರುತ್ತದೆ. ದಕ್ಷಿಣದಲ್ಲಿ ಅದನ್ನು ಜೀವಾಳಿ ಎನ್ನುತ್ತಾರೆ. ಹಿಂದುಸ್ತಾನಿಯವರು ಆ ಎಳೆಯಿಂದಲೂ ಕುದುರೆಯ ಮೈಯಿಂದಲೂ ಮೂಡುವ ಝೇಂಕಾರವನ್ನು ಜವಾರಿ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದ ಮಂದಿ ನಾಟಿ ಬೀಜಕ್ಕೂ ನಾಟಿ ಕೋಳಿಗೂ ಇದೇ ಪದ ಬಳಸುತ್ತಾರೆ. ಎರಡು ಪದಗಳಿಗೆ ವ್ಯುತ್ಪತ್ತಿಯ ನಂಟಿದೆ ಎಂದು ನಾನು ಸಾಧಿಸಹೊರಟಿಲ್ಲ. ಆದರೆ ಅಂಗಡಿಯಲ್ಲಿ ಜವಾರಿ ಸೌತೆಕಾಯಿಯನ್ನು ಹುಡುಕಿ ಕೊಳ್ಳುವ ನಾವು ನಾದದ ವಿಷಯದಲ್ಲಿ ಮಾತ್ರ ಹೈಬ್ರಿಡ್‌ಗೆ ತೃಪ್ತರಾಗಿದ್ದೇವೆ. ಆ ನೂಲನ್ನು ಅಕ್ಕಿಕಾಳಿನಷ್ಟು ಹಿಂದೆಮುಂದೆ ಸರಿಸಿದರೆ ಮುಚ್ಚಿಕೊಂಡಿದ್ದ ನಾದ ಹೂವಿನಂತೆ ಬಿಚ್ಚಿಕೊಳ್ಳುತ್ತದೆ.

ಈ ನೂಲಿನ ರಹಸ್ಯ ಒಬ್ಬ ಮಹಾವಿಜ್ಞಾನಿಯ ಕುತೂಹಲವನ್ನೂ ಕೆರಳಿಸಿತ್ತು. ಸಿ.ವಿ. ರಾಮನ್ 1907ರಿಂದ 1917ರವರೆಗೆ ಕೇಂದ್ರ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದವರು. ಕಲ್ಕತ್ತೆಯಲ್ಲಿ ಕಚೇರಿಯ ವೇಳೆಯ ಆಚೀಚೆ ಪ್ರಯೋಗಾಲಯದಲ್ಲಿ ತಂತಿವಾದ್ಯಗಳ ಬೆನ್ನು ಹತ್ತಿದವರು. 1921ರಲ್ಲಿ ಅವರು ತಂಬೂರಿ ಮತ್ತು ವೀಣೆಯ ಕುರಿತು ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವು ಎಂಬುದು ಐರೋಪ್ಯ ಭೌತಶಾಸ್ತ್ರ ಒಪ್ಪಿದ್ದ ನಿಯಮ. ತಂಬೂರಿ ಆ ನಿಯಮಕ್ಕೆ ತಲೆಬಾಗದೆ ಅವೇ ಉಪಸ್ವರಗಳನ್ನು ಗಟ್ಟಿಯಾಗಿ ನುಡಿಯುತ್ತದೆ, ಇದಕ್ಕೆ ಕಾರಣ ಕುದುರೆಯ ಮೈ ಮತ್ತು ಆ ನೂಲು ಎಂದು ರಾಮನ್ ತೋರಿಸಿದರು. ನಾವು ಚಿತ್ರಕ್ಕೆಂದು ವೇದಿಕೆಯ ಮೇಲೆ ನಿಲ್ಲಿಸುವ ವಾದ್ಯದ ಯೋಗ್ಯತೆ ಇದು.

ಈಗ ಮೊಬೈಲಿನ ಟ್ಯೂನರ್‌ಗೆ ಬರೋಣ. ಮಗು ಹಾಡುತ್ತದೆ, ಮುಳ್ಳು ನಡುವಿಗೆ ಬಂದು ಹಸಿರು ದೀಪ ಹತ್ತುತ್ತದೆ, ತಾಯಿತಂದೆಯರಿಗೆ ಸಮಾಧಾನ. ಆ ಹಸಿರು ದೀಪ ಯಾರ ಲೆಕ್ಕದ್ದು? ಬಹುಪಾಲು ಟ್ಯೂನರ್‌ಗಳು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ಪಿಯಾನೋ ಲೆಕ್ಕದವು. ಷಡ್ಜವನ್ನು 240 ಎಂದಿಟ್ಟುಕೊಂಡರೆ ಆ ಲೆಕ್ಕದ ಅಂತರ ಗಾಂಧಾರ ಸುಮಾರು 302.4. ತಂಬೂರಿಯ ಮಂದ್ರ ಷಡ್ಜದ ತಂತಿ 120ರಲ್ಲಿ ಕಂಪಿಸುವಾಗ ಅದರ ಐದನೆಯ ಉಪಸ್ವರ 600. ಒಂದು ಸಪ್ತಕ ಕೆಳಗಿಳಿಸಿದರೆ 300. ತಂಬೂರಿ ತಾನಾಗಿ ನುಡಿಯುವ ಸ್ವಯಂಭೂ ಗಾಂಧಾರ ಇದು. ಹಸಿರು ದೀಪವನ್ನು ನಂಬಿ ಹಾಡಿದ ಮಗುವಿನ ಗಾಂಧಾರ ಇದಕ್ಕಿಂತ ಮೇಲೆಯೇ ನಿಂತು, ಸೆಕೆಂಡಿಗೆ ಎರಡಕ್ಕೂ ಹೆಚ್ಚು ಬಾರಿ ತಂಬೂರಿಯೊಂದಿಗೆ ಡಿಕ್ಕಿ ಹೊಡೆಯುತ್ತದೆ. ಪರದೆ ಮಾತ್ರ ಶಹಬಾಸ್ ಎನ್ನುತ್ತಿರುತ್ತದೆ. ಷಡ್ಜ ಹಿಡಿದುಕೊಳ್ಳಲು ಟ್ಯೂನರ್ ಬಳಸಿ, ಅಡ್ಡಿಯಿಲ್ಲ. ಗಾಂಧಾರಕ್ಕೆ ಅದನ್ನು ನ್ಯಾಯಾಧೀಶನನ್ನಾಗಿ ಮಾಡಬೇಡಿ.

ಕೊರೋನಾ ಕಾಲದಲ್ಲಿ ಅನಿವಾರ್ಯವಾಗಿ ಬಂದು, ಈಗ ಅನುಕೂಲಕ್ಕಾಗಿ ಉಳಿದಿರುವ ಆನ್‌ಲೈನ್ ಪಾಠಗಳ ಕಥೆ ಇನ್ನೊಂದು. ವಿಡಿಯೋ ಕರೆಯ ತಂತ್ರಾಂಶಕ್ಕೆ ಮನುಷ್ಯರ ಮಾತು ಮುಖ್ಯ. ಎಡೆಬಿಡದೆ ಬರುವ ನಾದವನ್ನು ಅದು ಫ್ಯಾನಿನ ಸದ್ದಿನಂತೆ ಹಿನ್ನೆಲೆಯ ಗದ್ದಲವೆಂದು ಎಣಿಸಿ ಅಳಿಸಿಹಾಕಲು ನೋಡುತ್ತದೆ. ವಿಶೇಷವಾಗಿ ಆ ಸೌಲಭ್ಯವನ್ನು ಆರಿಸಿಡದಿದ್ದರೆ ಗುರುವಿನ ಶ್ರುತಿ ಶಿಷ್ಯನನ್ನು ತಲುಪುವುದೇ ಇಲ್ಲ. ತಲುಪಿದರೂ ಮೊಬೈಲಿನ ಉಗುರಗಲದ ಸ್ಪೀಕರಿನಿಂದ ಮಂದ್ರ ಷಡ್ಜ ಅದರ ತೂಕದೊಂದಿಗೆ ಹೊರಡಲಾರದು. ಶ್ರುತಿಯನ್ನು ತಾಯಿ ಎಂದವರು ನಮ್ಮ ಹಿರಿಯರು. ತಾಯಿಯನ್ನು ಗದ್ದಲವೆಂದು ಬಗೆಯುವ ಪಾಠಶಾಲೆಗೆ ನಾವು ತಿಂಗಳು ತಿಂಗಳು ಶುಲ್ಕ ಕಟ್ಟುತ್ತಿದ್ದೇವೆ.

ಆಕ್ಷೇಪಗಳು ನನಗೆ ಗೊತ್ತಿವೆ. ಮುಂಬಯಿಯ ಒಂದು ಕೋಣೆ-ಅಡುಗೆಮನೆಯ ಮನೆಯಲ್ಲಿ ತಂಬೂರಿಗೆ ಜಾಗವೆಲ್ಲಿ? ಲೋಕಲ್ ರೈಲಿನಲ್ಲಿ ಅದನ್ನು ಹೊತ್ತು ಹೋಗುವುದು ಹೇಗೆ? ಮಳೆಗಾಲದ ತೇವಕ್ಕೆ ಬಿರಡೆ ಕಚ್ಚಿಕೊಳ್ಳುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ. ಇವೆಲ್ಲ ನಿಜವಾದ ತೊಂದರೆಗಳು. ಇವನ್ನು ಹೇಳುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪ್ರತಿ ಮನೆಗೂ ತಂಬೂರಿ ಬೇಕೆಂದು ಯಾರು ಕೇಳಿದರು? ಸಂಘಕ್ಕೆ ಕಟ್ಟಡವಿದೆ, ಕಪಾಟುಗಳಿವೆ, ವರ್ಷವರ್ಷವೂ ಫಲಕಗಳಿಗೂ ಶಾಲುಗಳಿಗೂ ಒದಗುವ ನಿಧಿಯಿದೆ. ಅಲ್ಲಿ ಹೆಣ್ಣುಧ್ವನಿಗೊಂದು, ಗಂಡುಧ್ವನಿಗೊಂದು, ಹೀಗೆ ಎರಡು ತಂಬೂರಿಗಳಿದ್ದರೆ ಸಾಕು. ಮನೆಯಲ್ಲಿ ಪೆಟ್ಟಿಗೆಯೇ ಇರಲಿ, ವಾರಕ್ಕೊಮ್ಮೆ ಕೈ ತಂತಿಯನ್ನು ಮುಟ್ಟಲಿ.

ಇನ್ನೊಂದು ಆಕ್ಷೇಪ ಸಮಯದ್ದು. ಒಂದು ಗಂಟೆಯ ತರಗತಿಯಲ್ಲಿ ಇಪ್ಪತ್ತು ನಿಮಿಷ ಶ್ರುತಿಗೇ ಹೋದರೆ ಪರೀಕ್ಷೆಯ ರಾಗಗಳು ಮುಗಿಯುವುದೆಂದು? ಈ ಪ್ರಶ್ನೆಯೇ ನಮ್ಮ ರೋಗದ ಲಕ್ಷಣ. ಪರೀಕ್ಷೆಯಲ್ಲಿ ಮಗು ರಾಗದ ಆರೋಹಣ ಅವರೋಹಣ ಬರೆಯುತ್ತದೆ, ವಾದಿ ಸಂವಾದಿ ಹೇಳುತ್ತದೆ, ತಂಬೂರಿಯ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ ಅಂಕ ಪಡೆಯುತ್ತದೆ. ಅದೇ ಮಗುವಿನ ಕೈಗೆ ಶ್ರುತಿ ಇಳಿದ ತಂಬೂರಿ ಕೊಟ್ಟರೆ ಅದು ಇಳಿದಿದೆ ಎಂಬುದೇ ತಿಳಿಯುವುದಿಲ್ಲ. ಒಂದು ಊರಿನ ಸಂಘದ ಸಮಾರಂಭದಲ್ಲಿ, ಪರೀಕ್ಷೆಗಳನ್ನೆಲ್ಲ ಮುಗಿಸಿ ಬಹುಮಾನ ಪಡೆದ ಗಾಯಕಿಯೊಬ್ಬರ ಪಂಚಮದ ತಂತಿ ನಡುವೆ ಸಡಿಲಗೊಂಡಾಗ ಅವರು ಅದನ್ನು ಕೈಯಿಂದ ಅದುಮಿ ಹಿಡಿದು ಸದ್ದಡಗಿಸಿದ್ದನ್ನು ನಾನು ಕಂಡಿದ್ದೇನೆ. ತಪ್ಪು ಅವರದಲ್ಲ. ಬಿರಡೆ ತಿರುಗಿಸಲು ಅವರಿಗೆ ಯಾರೂ ಕಲಿಸಿರಲಿಲ್ಲ.

ವಾದ್ಯವನ್ನು ಕೊಳ್ಳುವ ವಿಷಯದಲ್ಲಿಯೂ ನಮ್ಮ ನಡತೆ ಇಂಥದ್ದೇ. ಅಂತರ್ಜಾಲದಲ್ಲಿ ಚಿತ್ರ ನೋಡಿ, ಕೆತ್ತನೆ ಮತ್ತು ಮೆರುಗು ಮೆಚ್ಚಿ ತರಿಸಿಕೊಳ್ಳುತ್ತೇವೆ. ತಂಬೂರಿಯನ್ನು ಕಣ್ಣಿನಿಂದ ಆರಿಸಬಾರದು. ಕಣ್ಣಿಗೆ ಒಂದೇ ಕೆಲಸ: ದಂಡಿಯ ಉದ್ದಕ್ಕೂ ದೃಷ್ಟಿ ಹಾಯಿಸಿ ಅದು ಬಾಗಿದೆಯೇ ಎಂದು ನೋಡುವುದು. ಉಳಿದದ್ದೆಲ್ಲ ಕೈಗೂ ಕಿವಿಗೂ ಸೇರಿದ್ದು. ಬುರುಡೆಯನ್ನು ಮೆಲ್ಲನೆ ತಟ್ಟಿ ಸೀಳುಸದ್ದು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಿರಡೆ ಜಾರದೆ, ಕಚ್ಚದೆ ತಿರುಗಬೇಕು. ನಿಮ್ಮ ಷಡ್ಜಕ್ಕೇ ಶ್ರುತಿ ಮಾಡಿಸಬೇಕು; ಗಂಡುಧ್ವನಿಯ ಉದ್ದನೆಯ ತಂಬೂರಿಯನ್ನು ಹೆಣ್ಣುಧ್ವನಿಯ ಮಟ್ಟಕ್ಕೆ ಎಳೆದರೆ ತಂತಿ ತುಂಡಾಗುತ್ತದೆ, ಚಿಕ್ಕದನ್ನು ಕೆಳಕ್ಕೆ ಇಳಿಸಿದರೆ ತಂತಿ ಜೋಲುತ್ತದೆ. ಆಮೇಲೆ ಅರ್ಧ ಗಂಟೆ ಅಂಗಡಿಯಲ್ಲೇ ಕುಳಿತು ಮೀಟುತ್ತಿರಬೇಕು. ಅಷ್ಟು ಹೊತ್ತು ಶ್ರುತಿ ನಿಲ್ಲದ ವಾದ್ಯಕ್ಕೆ ಎಷ್ಟು ದಂತದ ಬಣ್ಣದ ಬಳ್ಳಿ ಕೂರಿಸಿದ್ದರೇನು?

ಇದಕ್ಕಾಗಿ ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿಗೆ ಹೋಗುವ ರೈಲು ಮಿರಜದಲ್ಲಿ ನಿಲ್ಲುತ್ತದೆ. ನಾವು ಇಳಿದು ಚಹಾ ಕುಡಿದು ಮತ್ತೆ ಹತ್ತಿಕೊಳ್ಳುತ್ತೇವೆ. ಆ ಊರಿನಲ್ಲಿ ಕತ್ತಿ ಮಸೆಯುವ ವೃತ್ತಿಯ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯ ತಯಾರಿಕೆಗೆ ತಿರುಗಿದರು. ಇಂದಿಗೂ ಅವರ ಪೀಳಿಗೆ ಪಂಢರಪುರದ ಸೀಮೆಯ ಸೋರೆಬುರುಡೆಗಳನ್ನು ತರಿಸಿ ತಂಬೂರಿ ಮಾಡುತ್ತಿದೆ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರಕಿತು. ಕಿರಾಣಾದ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಇದೇ ಊರಿನಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಇಲ್ಲಿದೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಕನ್ನಡ ನೆಲದ ಖ್ಯಾಲಿನ ಅರ್ಧ ಇತಿಹಾಸ ಹರಿದದ್ದು ಸ್ವರವನ್ನು ತಂಬೂರಿಯೊಳಗೆ ಕರಗಿಸಿ ಹಾಡಿದ ಆ ಘರಾಣೆಯಿಂದ. ಅವರ ಹೆಸರಿನಲ್ಲಿ ಸ್ಮರಣೋತ್ಸವ ಮಾಡುವ ನಮಗೆ ಅವರ ವಾದ್ಯವನ್ನು ಮುಟ್ಟುವ ಪುರುಸೊತ್ತಿಲ್ಲ.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಕೋಲ್‌ರಿಜ್ ಕವಿತೆಯಿಂದ ಪರಿಚಿತವಾದ ವಾಯುವೀಣೆಯೊಂದಿದೆ. ಕಿಟಕಿಯಲ್ಲಿಟ್ಟರೆ ಸಾಕು, ಗಾಳಿಯೇ ಅದನ್ನು ನುಡಿಸುತ್ತದೆ. ಮನುಷ್ಯನ ಬೆರಳೇ ಬೇಡದ ವಾದ್ಯ ಎಂದು ರಮ್ಯಕವಿಗಳು ಅದಕ್ಕೆ ಮಾರುಹೋದರು. ಆದರೆ ಗಾಳಿ ಬರುವ ಮುನ್ನ ಯಾರೋ ಒಬ್ಬರು ಕುಳಿತು ಅದರ ತಂತಿಗಳನ್ನೆಲ್ಲ ಒಂದು ಸ್ವರಕ್ಕೆ ಕೂಡಿಸಿಟ್ಟಿರಲೇಬೇಕು. ನುಡಿಸುವ ಕೆಲಸವನ್ನು ಗಾಳಿಗೆ ಬಿಟ್ಟರೂ ಶ್ರುತಿ ಮಾಡುವ ಕೆಲಸವನ್ನು ಬಿಡಲಾಗಲಿಲ್ಲ.

ಆದ್ದರಿಂದ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳ ಮುಂದೆ ಮೂರು ಬೇಡಿಕೆಗಳನ್ನು ಇಡುತ್ತಿದ್ದೇನೆ. ಮುಂದಿನ ವರ್ಷದ ಸನ್ಮಾನಗಳಲ್ಲಿ ಕೆಲವನ್ನು ಕಡಿಮೆ ಮಾಡಿ ಎರಡು ತಂಬೂರಿ ಕೊಳ್ಳಿ. ಕೊಳ್ಳಲು ಹೋಗುವಾಗ ಖಜಾಂಚಿಯೊಂದಿಗೆ ಕಲಿಯುವ ಮಕ್ಕಳಿಬ್ಬರನ್ನು ಕರೆದೊಯ್ಯಿರಿ. ಸಂಘ ನಡೆಸುವ ಸಂಗೀತ ತರಗತಿಯ ಮೊದಲ ಇಪ್ಪತ್ತು ನಿಮಿಷ ಮಕ್ಕಳೇ ಸರದಿಯ ಮೇಲೆ ಶ್ರುತಿ ಮಾಡಲಿ, ಗುರುಗಳು ಕೈ ಕಟ್ಟಿ ಕುಳಿತು ಕೇಳಲಿ. ಕೊನೆಯದಾಗಿ, ವೇದಿಕೆಯ ಮೇಲೆ ಪೆಟ್ಟಿಗೆಯ ಶ್ರುತಿಯೇ ಸಾಕೆನಿಸಿದರೆ ಆ ಪೆಟ್ಟಿಗೆಯನ್ನು ಮುಚ್ಚಿಡದೆ ಎಲ್ಲರಿಗೂ ಕಾಣುವಂತೆ ಮುಂದೆ ಇಡಿ. ಮೂಕ ತಂಬೂರಿಗಳನ್ನು ಒಳಗಿಡಿ. ತಂಬೂರಿ ವೇದಿಕೆಗೆ ಬರುವುದಾದರೆ ಅದರ ಮುಂದೆ ಮೈಕು ಇರಲಿ. ಶ್ರುತಿ ಸೇರದೆ ಹತ್ತು ನಿಮಿಷ ತಡವಾದರೂ ಆಗಲಿ. ಮಂತ್ರಿಗಳಿಗಾಗಿ ಎರಡು ಗಂಟೆ ಕಾಯುವ ಸಭೆ ಅಷ್ಟಕ್ಕೇನೂ ಎದ್ದು ಹೋಗಲಾರದು.