ಡಬ್ಬಿ ತಂದರೆ ಅಡುಗೆ ತಂದಂತಾಯಿತೇ?

ಪುಣೆಗೆ ಬಂದು 12 ವರ್ಷ. ವಿಜಯಪುರದಿಂದ ಅವ್ವ ಕಳಿಸುವ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಒಮ್ಮೆಯೂ ತಪ್ಪಿದ್ದಿಲ್ಲ. ಊರಿನ ರುಚಿ ಉಳಿಸಿಕೊಂಡಿದ್ದೇನೆ ಎಂದೇ ನಂಬಿದ್ದೆ.

ಈ ದೀಪಾವಳಿಗೆ ಹೋದಾಗ ಅವ್ವನ ಮಣಿಕಟ್ಟು ಬಾತಿತ್ತು. ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ನಾನೇ ಹಿಟ್ಟಿನ ಮುಂದೆ ಕೂತೆ.

‘ನೀರ ಎಷ್ಟ ಹಾಕ್ಲಿ ಅವ್ವಾ?’

‘ಹಿಟ್ಟ ಎಷ್ಟ ಹಿಡಿತೈತಿ ಅಷ್ಟ ಹಾಕೋ ತಮ್ಮಾ.’

ಮೊದಲ ನಾಲ್ಕೂ ರೊಟ್ಟಿಗಳ ಅಂಚು ಸೀಳಿದವು. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಬಿಸಿನೀರು ಹಾಕಿ ನಾದಿದರಷ್ಟೇ ಜಿಗಿ ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಅದೂ ಕಷ್ಟ. ಅವ್ವನ ಬೆರಳಿಗೆ ಇದೆಲ್ಲ ಗೊತ್ತು. ನಾನು ಒಮ್ಮೆಯೂ ಕೇಳಿರಲಿಲ್ಲ.

ಹೊರನಾಡಿನ ನಾವು ಊರಿಂದ ಡಬ್ಬಿ ತರುತ್ತೇವೆ, ಅಡುಗೆಯನ್ನು ಅಲ್ಲೇ ಬಿಟ್ಟು ಬರುತ್ತೇವೆ. ಅದರಲ್ಲೂ ಗಂಡಸರು, ಬಡಿಸಿದ್ದನ್ನು ಹೊಗಳಿದರೆ ನಮ್ಮ ಪಾಲಿನ ಕೆಲಸ ಮುಗಿಯಿತು ಅಂದುಕೊಂಡಿದ್ದೇವೆ. ಮುಂದಿನ ರಜೆಯಲ್ಲಿ ಒಂದು ದಿನ ತಾಯಿಯ ಪಕ್ಕ ಕೂತು ಒಂದಾದರೂ ಅಡುಗೆ ಕಲಿಯಿರಿ.

ನನ್ನ ರೊಟ್ಟಿ ಇನ್ನೂ ದುಂಡಗಾಗಿಲ್ಲ. ಆದರೂ ಕಳೆದ ವಾರ ಡಬ್ಬಿ ಪುಣೆಯಿಂದ ವಿಜಯಪುರಕ್ಕೆ ಹೋಯಿತು.