ದುಗ್ಧರಸವು ಕೊಳೆಯಲ್ಲ

‘ಲಿಂಫ್ ಶುದ್ಧಿ’ ಎಂಬ ಹೆಸರಿನಲ್ಲಿ ಬಗೆಬಗೆಯ ಪೇಯಗಳೂ ಪುಡಿಗಳೂ ಈಗ ಮಾರಾಟವಾಗುತ್ತಿವೆ. ದೇಹದೊಳಗಿನ ಈ ರಸವು ಕೊಳೆತು ನಿಂತಿರುವುದರಿಂದಲೇ ಹೊಟ್ಟೆಯುಬ್ಬರ, ಅಜೀರ್ಣ, ಕೀಲುನೋವುಗಳು ಬರುತ್ತವೆ ಎಂಬುದು ಅವುಗಳ ಪ್ರಚಾರ. ಸದ್ಭಕ್ತರು ಇದಕ್ಕೆ ಹಣ ತೆರಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಣಕ್ಕಿಂತ ದೊಡ್ಡದಾದ ನಷ್ಟವೂ ಇದರಲ್ಲಿ ಅಡಗಿದೆ.

ಲಿಂಫನ್ನು ಕನ್ನಡದಲ್ಲಿ ದುಗ್ಧರಸ ಎನ್ನುತ್ತೇವೆ. ದುಗ್ಧವೆಂದರೆ ಹಾಲು. ಈ ಹೆಸರು ಕರುಳಿನ ವಿಷಯದಲ್ಲಿ ಅಕ್ಷರಶಃ ಸತ್ಯ. 1622ರಲ್ಲಿ ಇಟಲಿಯ ವೈದ್ಯ ಗ್ಯಾಸ್ಪರೆ ಅಸೆಲ್ಲಿಯು ಆಗಷ್ಟೇ ಆಹಾರ ತಿಂದಿದ್ದ ನಾಯಿಯೊಂದರ ಉದರವನ್ನು ಪರೀಕ್ಷಿಸುತ್ತಿದ್ದಾಗ ಕರುಳಿನ ಮಡಿಕೆಗಳ ಮೇಲೆ ಬಿಳಿಯ ಎಳೆಗಳು ಹರಡಿದ್ದವು. ಮೊದಲು ಅವನ್ನು ನರಗಳೆಂದೇ ಭಾವಿಸಿದ ಆತ, ಒಂದನ್ನು ಕತ್ತರಿಸಿದಾಗ ಹಾಲಿನಂತಹ ದ್ರವ ಒಸರಿತು. ನಾವು ಉಂಡ ತುಪ್ಪ, ಎಣ್ಣೆಗಳ ಬಹುಭಾಗವು ನೇರವಾಗಿ ರಕ್ತಕ್ಕೆ ಸೇರುವುದಿಲ್ಲ. ಅದು ಕರುಳಿನ ಒಳಗೋಡೆಯಲ್ಲಿರುವ ಈ ಸೂಕ್ಷ್ಮ ನಾಳಗಳನ್ನು ಹೊಕ್ಕು, ಎದೆಯ ದೊಡ್ಡ ದುಗ್ಧನಾಳದ ಮೂಲಕ ಮೇಲೇರಿ, ಕುತ್ತಿಗೆಯ ಎಡಬುಡದಲ್ಲಿ ರಕ್ತನಾಳವನ್ನು ಕೂಡುತ್ತದೆ. ಆ ಬಿಳುಪು ನಮ್ಮ ಊಟದ ಕೊಬ್ಬಿನದು. ಅದನ್ನು ಕೊಳೆಯೆನ್ನುವುದು ತುಪ್ಪವನ್ನು ಕೆಸರೆಂದಂತೆ!

ಇದೇ ದಾರಿಯಲ್ಲಿ ಕಾವಲೂ ಇದೆ. ಅನ್ನನೀರಿನೊಡನೆ ಕರುಳಿಗೆ ದಿನವೂ ಅಸಂಖ್ಯ ಜೀವಾಣುಗಳು ಬರುತ್ತವೆ. ಗೋಡೆಯನ್ನು ದಾಟಿದವನ್ನು ದುಗ್ಧಗ್ರಂಥಿಗಳು ತಡೆದು, ಯಾವುದು ಶತ್ರು, ಯಾವುದು ಬರಿಯ ಆಹಾರ ಎಂದು ವಿಂಗಡಿಸುತ್ತವೆ. ಕರುಳಿನಲ್ಲಿ ಉರಿಯೂತವಾದಾಗ ಅಲ್ಲಿ ಸೋರಿದ ದ್ರವವನ್ನೂ ಸೇರಿಕೊಂಡ ರಕ್ಷಕ ಕಣಗಳನ್ನೂ ಸಾಗಿಸಬೇಕಾದವು ಇವೇ ನಾಳಗಳು. ಸಾಗಾಟ ಕುಂಠಿತವಾದರೆ ಉರಿಯೂತವೂ ಬೇಗನೆ ಇಳಿಯದು. ಕ್ರೋನ್ಸ್ ಎಂಬ ದೀರ್ಘಕಾಲದ ಕರುಳಬೇನೆಯಲ್ಲಿ ಈ ನಾಳಗಳು ಹಿಗ್ಗಿ, ಕಟ್ಟಿಕೊಂಡಿರುವುದನ್ನು ವೈದ್ಯರು ಕಂಡಿದ್ದಾರೆ. ಅದು ರೋಗದ ಕಾರಣವೋ ಫಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮುಗಿಯದ ಈ ಚರ್ಚೆಯನ್ನೇ ಸೀಸೆಯಲ್ಲಿ ತುಂಬಿ ಮಾರುತ್ತಿರುವವರ ಧೈರ್ಯವನ್ನು ಮೆಚ್ಚಬೇಕು.

ರಕ್ತಕ್ಕೆ ಹೃದಯವಿರುವಂತೆ ದುಗ್ಧರಸಕ್ಕೆ ಪ್ರತ್ಯೇಕ ಯಂತ್ರವಿಲ್ಲ. ನಾಳಗಳ ಸ್ವಂತ ಮಿಡಿತ, ಸ್ನಾಯುಗಳ ಚಲನೆ, ಉಸಿರಾಟದ ಏರಿಳಿತಗಳೇ ಅದನ್ನು ಮುಂದೊತ್ತುತ್ತವೆ. ಮೈ ದಣಿಯುವ ಕಾಯಕ ಮಾಡುವವರಿಗೆ ಇದು ತಾನಾಗಿಯೇ ನಡೆಯುತ್ತದೆ. ದಿನವಿಡೀ ಕುಳಿತು ದುಡಿಯುವವರು ನಡೆದಾಡಲೇಬೇಕು. ಇನ್ನು ಊಟ. ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪುಗಳಲ್ಲಿರುವ ನಾರನ್ನು ದೊಡ್ಡಕರುಳಿನ ಜೀವಾಣುಗಳು ಹುದುಗಿಸಿ, ಉರಿಯೂತವನ್ನು ತಗ್ಗಿಸುವ ಆಮ್ಲಗಳನ್ನು ಉಂಟುಮಾಡುತ್ತವೆ. ದಾಸೋಹದ ಪಂಕ್ತಿಯಲ್ಲಿ ಇವೆಲ್ಲ ದೊರೆಯುತ್ತವೆ.

ಇನ್ನು ಆ ದೊಡ್ಡ ನಷ್ಟದ ಮಾತು. ನಮ್ಮ ನಾಡಿನಲ್ಲಿ ಕ್ಷಯರೋಗವು ಶ್ವಾಸಕೋಶಕ್ಕಷ್ಟೇ ಸೀಮಿತವಲ್ಲ. ಅದು ಸಣ್ಣ ಕರುಳಿನ ಕೊನೆಯಲ್ಲೂ ಉದರದ ದುಗ್ಧಗ್ರಂಥಿಗಳಲ್ಲೂ ನೆಲೆಸಬಲ್ಲದು. ಹೊಟ್ಟೆನೋವು, ಸಂಜೆಯ ಸಣ್ಣ ಜ್ವರ, ರಾತ್ರಿಯ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಅದರ ಲಕ್ಷಣಗಳು. ಇಂತಹವರು ‘ಶುದ್ಧಿ’ಯ ಪೇಯ ಕುಡಿಯುತ್ತ ತಿಂಗಳುಗಳನ್ನು ಕಳೆದರೆ ಕರುಳು ಸಂಕುಚಿಸಿ ಕಟ್ಟಿಕೊಳ್ಳುವ ಸ್ಥಿತಿಗೂ ತಲುಪಬಹುದು. ಸಕಾಲದಲ್ಲಿ ಪತ್ತೆಯಾದರೆ ಸಾಮಾನ್ಯವಾಗಿ 6 ತಿಂಗಳ ಔಷಧದಿಂದ ಗುಣವಾಗುವ ಕಾಯಿಲೆಯಿದು. ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಔಷಧವನ್ನು ಉಚಿತವಾಗಿ ಕೊಡುತ್ತಾರೆ. ದನಗಳ ಕ್ಷಯವು ಹಸಿಹಾಲಿನ ಮೂಲಕ ಮನುಷ್ಯರ ಕರುಳಿಗೆ ಬರುವುದೂ ಉಂಟು. ಮನೆಯ ಹಸುವಿನದೇ ಆದರೂ ಹಾಲನ್ನು ಉಕ್ಕುವಂತೆ ಕಾಯಿಸಿಯೇ ಕುಡಿಯತಕ್ಕದ್ದು.